ಎಲೆಕ್ಟ್ರಿಕ್ ಕಾರು: ಹೆದರುವುದು ದೊಡ್ಡ ಬ್ಯಾಟರಿಗೆ, ಕೈ ಕೊಡುವುದು ಚಿಕ್ಕದು

ಹೋದ ಮಳೆಗಾಲದಲ್ಲಿ ನಮ್ಮ ಭಾವ ಬೆಂಗಳೂರಿನಿಂದ ಹಾಸನಕ್ಕೆ ಹೊರಟಿದ್ದರು. ಎಲೆಕ್ಟ್ರಿಕ್ ಕಾರು, ತಗೊಂಡು ಒಂದೂವರೆ ವರ್ಷ ಆಗಿತ್ತು. ಯಡಿಯೂರು ದಾಟಿದ ಮೇಲೆ ಎದುರಿನ ಪರದೆಯಲ್ಲಿ ಒಂದು ಕೆಂಪು ಗುರುತು ಬಂತು, ಸ್ಪೀಡ್ ತಾನಾಗಿಯೇ ಇಳಿಯುತ್ತಾ ಹೋಯಿತು, ಹಿಂದಿನ ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾಗಲೇ ಹೇಗೋ ಎಡಕ್ಕೆ ತಂದು ನಿಲ್ಲಿಸಿದರು. ಆಮೇಲೆ ಕಾರು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಪರದೆ ಕಪ್ಪಾಗುವ ಮೊದಲು ತೋರಿಸಿದ್ದ ಚಾರ್ಜ್ 71 ಪರ್ಸೆಂಟ್. ಹಾಸನ ಮುಟ್ಟಿ ಇನ್ನೂ ಮಿಗುವಷ್ಟು!

ಮೊದಲು ಬಂದ ಟೋ ಗಾಡಿಯವನು ಮುಂದಿನ ಎರಡು ಚಕ್ರ ಎತ್ತಿ ಎಳೆಯುವ ಮಾಮೂಲಿ ಗಾಡಿ ತಂದಿದ್ದ. ಇವರ ಕಾರಿನ ಮೋಟರ್ ಹಿಂದಿನ ಚಕ್ರಕ್ಕಿದೆ. ಆ ಚಕ್ರ ನೆಲದ ಮೇಲೆ ಉರುಳುವ ಹಾಗೆ ಎಳೆದರೆ ಮೋಟರ್ ತಿರುಗಿ ಕರೆಂಟ್ ಹುಟ್ಟುತ್ತದೆ, ಒಳಗೆ ಏನಾದರೂ ಸುಟ್ಟೀತು. ಹಾಗಾಗಿ ಕಾರನ್ನು ಪೂರ್ತಿ ಹೊತ್ತುಕೊಂಡು ಹೋಗುವ ಫ್ಲ್ಯಾಟ್‌ಬೆಡ್‌ಗೆ ಮತ್ತೆ ಫೋನು, ಮತ್ತೆ ಕಾಯುವುದು. ಸರ್ವೀಸ್ ಸೆಂಟರ್‌ನಲ್ಲಿ ಒಂಬತ್ತು ದಿನ ಇತ್ತು. ಕೊನೆಗೆ ಬಂದ ಉತ್ತರ: "ಚಿಕ್ಕ ಬ್ಯಾಟರಿ ಹೋಗಿತ್ತು ಸರ್. ಹೊಸದು ಹಾಕಿದ್ದೀವಿ, ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ್ದೀವಿ."

ಕಂಪನಿ ಯಾವುದು ಅಂತ ಕೇಳಬೇಡಿ. ಇದೇ ಕತೆಯನ್ನು ಬೇರೆ ಬೇರೆ ಕಂಪನಿಯ ಕಾರು ಇಟ್ಟುಕೊಂಡವರ ಬಾಯಲ್ಲಿ ಕೇಳಿದ್ದೇನೆ. ತಮಾಷೆ ಏನೆಂದರೆ, ಕಾರು ತಗೊಳ್ಳುವಾಗ ಭಾವನನ್ನು ಮನೆಯವರೆಲ್ಲ ಹೆದರಿಸಿದ್ದು ಒಂದೇ ಮಾತಿನಲ್ಲಿ: "ಬೆಂಕಿ ಹತ್ತಿಕೊಂಡರೆ?" ಚಿಕ್ಕ ಬ್ಯಾಟರಿಯ ಹೆಸರನ್ನು ಒಬ್ಬರೂ ಎತ್ತಿರಲಿಲ್ಲ. ಎತ್ತಬೇಕಿತ್ತು ಅಂತ ಈಗ ಅನಿಸುತ್ತದೆ. ಎಲೆಕ್ಟ್ರಿಕ್ ಕಾರಿನವರ ದೂರುಗಳನ್ನು ಕೂತು ನೋಡಿದರೆ, ಸೀಟಿನ ಕೆಳಗಿರುವ ನೂರಾರು ಕೆಜಿಯ ಬ್ಯಾಟರಿಗಿಂತ ಅದರ ಸುತ್ತಮುತ್ತ ಇರುವ ಸಣ್ಣಪುಟ್ಟ ಸಾಮಾನುಗಳೇ ಜಾಸ್ತಿ ಕಾಡುತ್ತವೆ. ಅದಕ್ಕಿಂತ ಜಾಸ್ತಿ ಕಾಡುವುದು, ಅವು ಕೆಟ್ಟಾಗ ಯಾಕೆ ಕೆಟ್ಟವು ಅಂತ ನಮಗೆ ಯಾರೂ ಹೇಳದೇ ಇರುವುದು.

ಇಷ್ಟು ದೊಡ್ಡ ಬ್ಯಾಟರಿ ಇರುವ ಕಾರಿಗೆ ಇನ್ನೊಂದು ಚಿಕ್ಕ 12 ವೋಲ್ಟ್ ಬ್ಯಾಟರಿ ಯಾಕೆ ಅಂತ ಕೇಳಬಹುದು. ದೊಡ್ಡದು ಸಾಮಾನ್ಯವಾಗಿ 300ರಿಂದ 400 ವೋಲ್ಟ್, ಕೆಲವು ಕಾರುಗಳಲ್ಲಿ ಅದರ ಎರಡರಷ್ಟು. ಅದು ಮೋಟರ್ ಓಡಿಸಲು. ಲೈಟು, ವೈಪರ್, ಬಾಗಿಲ ಲಾಕು, ಪರದೆ, ಒಳಗಿನ ಹತ್ತಾರು ಕಂಪ್ಯೂಟರ್ ಎಲ್ಲ ಓಡುವುದು 12 ವೋಲ್ಟ್‌ನಲ್ಲಿ. ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಕಾರು ಆಫ್ ಆಗಿದ್ದಾಗ ದೊಡ್ಡ ಬ್ಯಾಟರಿಯನ್ನು ಕಾರಿನ ಉಳಿದ ಭಾಗದಿಂದ ಬೇರೆ ಮಾಡಿ ಇಟ್ಟಿರುತ್ತಾರೆ, ಸುರಕ್ಷತೆಗಾಗಿ. ನಡುವೆ ದಪ್ಪ ಸ್ವಿಚ್ಚುಗಳಿವೆ, ಕಾಂಟ್ಯಾಕ್ಟರ್ ಅಂತ ಹೆಸರು. ನೀವು ಸ್ಟಾರ್ಟ್ ಬಟನ್ ಒತ್ತಿದಾಗ ಆ ಸ್ವಿಚ್ಚುಗಳು ಟಕ್ ಅಂತ ಕೂಡಿಕೊಳ್ಳಬೇಕು, ಕೂಡಿಸುವುದು ಚಿಕ್ಕ ಬ್ಯಾಟರಿ. ಅದು ಸತ್ತರೆ ಕಣಜದ ತುಂಬ ಭತ್ತ ಇದೆ, ಬಾಗಿಲ ಬೀಗದ ಕೈ ಕಳೆದಿದೆ ಅನ್ನುವ ಪರಿಸ್ಥಿತಿ.

ಪೆಟ್ರೋಲ್ ಕಾರಿನಲ್ಲಿ ಬ್ಯಾಟರಿ ಸಾಯುವ ಮೊದಲು ಸುಳಿವು ಕೊಡುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಗರ್... ಗರ್... ಅಂತ ಎಳೆಯುತ್ತದೆ, ಆಗಲೇ ನಮಗೆ ಗೊತ್ತಾಗುತ್ತದೆ, ಬದಲಿಸುವ ಕಾಲ ಬಂತು ಅಂತ. ಎಲೆಕ್ಟ್ರಿಕ್ ಕಾರಿನಲ್ಲಿ ಸ್ಟಾರ್ಟರ್ ಮೋಟರೇ ಇಲ್ಲ, ಆ ಸದ್ದೂ ಇಲ್ಲ. ನಿನ್ನೆ ರಾತ್ರಿ ಸರಿಯಿದ್ದ ಕಾರು ಇವತ್ತು ಬೆಳಿಗ್ಗೆ ಕಲ್ಲು. ಸಾಲದ್ದಕ್ಕೆ ಈ ಕಾರುಗಳು ನಿಂತಿದ್ದಾಗಲೂ ಪೂರ್ತಿ ಮಲಗುವುದಿಲ್ಲ. ಮೊಬೈಲಿನ ಆ್ಯಪ್ ತೆಗೆದು ಚಾರ್ಜ್ ಎಷ್ಟಿದೆ ಅಂತ ನೋಡಿದಾಗಲೆಲ್ಲ ಕಾರಿನೊಳಗೆ ಯಾವುದೋ ಕಂಪ್ಯೂಟರ್ ಎದ್ದು ಕೂರುತ್ತದೆ. ಹೊಸ ಕಾರಿನ ಖುಷಿಯಲ್ಲಿ ಭಾವ ದಿನಕ್ಕೆ ಇಪ್ಪತ್ತು ಸಲ ನೋಡುತ್ತಿದ್ದರು, ಪಾಪ.

ಇದು ನಮ್ಮ ದೇಶದ ಗೋಳು ಮಾತ್ರ ಅಂದುಕೊಳ್ಳಬೇಡಿ. ಜರ್ಮನಿಯ ಎಡಿಎಸಿ ಅನ್ನುವ ವಾಹನ ಸಂಘ ದಾರಿಯಲ್ಲಿ ನಿಂತ ಕಾರುಗಳ ಲೆಕ್ಕವನ್ನು ಪ್ರತಿ ವರ್ಷ ಪ್ರಕಟಿಸುತ್ತದೆ. 2024ರ ಲೆಕ್ಕದಲ್ಲಿ, ನಿಂತುಹೋದ ಎಲೆಕ್ಟ್ರಿಕ್ ಕಾರುಗಳಲ್ಲಿ ಅರ್ಧದಷ್ಟಕ್ಕೆ ಕಾರಣ ಈ 12 ವೋಲ್ಟ್ ಬ್ಯಾಟರಿ. ಅದೇ ಲೆಕ್ಕದಲ್ಲಿ ಇನ್ನೊಂದು ಅಂಶ ಇದೆ, ಎಲೆಕ್ಟ್ರಿಕ್ ಕಾರನ್ನು ಬೈಯುವವರಿಗೆ ಅದು ಇಷ್ಟವಾಗಲಿಕ್ಕಿಲ್ಲ. 2020ರಿಂದ 2022ರ ನಡುವೆ ರಸ್ತೆಗಿಳಿದ ಕಾರುಗಳಲ್ಲಿ ಪ್ರತಿ ಸಾವಿರಕ್ಕೆ ದಾರಿಯಲ್ಲಿ ಕೈ ಕೊಟ್ಟ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳು 10.4, ಎಲೆಕ್ಟ್ರಿಕ್ 4.2. ಅರ್ಧಕ್ಕಿಂತ ಕಡಿಮೆ.

ಆದರೆ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ ಹೇಳುವುದು ಉಲ್ಟಾ. ಮಾಲೀಕರನ್ನೇ ಕೇಳಿ ಮಾಡಿದ ಅವರ 2023ರ ಸಮೀಕ್ಷೆಯಲ್ಲಿ ಎಲೆಕ್ಟ್ರಿಕ್ ಕಾರುಗಳಲ್ಲಿ ಪೆಟ್ರೋಲ್ ಕಾರಿಗಿಂತ 79 ಪರ್ಸೆಂಟ್ ಜಾಸ್ತಿ ತೊಂದರೆ ಕಂಡಿತ್ತು, 2024ರಲ್ಲಿ ಅದು 42 ಪರ್ಸೆಂಟ್‌ಗೆ ಇಳಿಯಿತು. ಯಾರದು ಸರಿ? ನನ್ನ ಪ್ರಕಾರ ಇಬ್ಬರದ್ದೂ. ಜರ್ಮನಿಯವರು ಎಣಿಸುವುದು ದಾರಿಯಲ್ಲಿ ನಿಂತು ಸಹಾಯಕ್ಕೆ ಫೋನ್ ಮಾಡಿದ ಕಾರುಗಳನ್ನು. ಅಮೆರಿಕದವರು ಪರದೆ ಹ್ಯಾಂಗ್ ಆಗಿದ್ದು, ಎಸಿ ತಣ್ಣಗೆ ಮಾಡದೇ ಇದ್ದದ್ದು, ಚಾರ್ಜ್ ನಡುವೆ ನಿಂತದ್ದು, ಬಾಗಿಲು ಕಿರ್ ಅಂದದ್ದು, ಎಲ್ಲ ಎಣಿಸುತ್ತಾರೆ. ಎಂಜಿನ್, ಗೇರ್‌ಬಾಕ್ಸ್, ಕ್ಲಚ್ ಇಲ್ಲದ ಕಾರಿನಲ್ಲಿ ಕೆಡುವ ಕಬ್ಬಿಣ ಕಡಿಮೆ, ಕೆಡುವ ಎಲೆಕ್ಟ್ರಾನಿಕ್ಸ್ ಜಾಸ್ತಿ. ನಿಲ್ಲುವುದು ಅಪರೂಪ, ಕಿರಿಕಿರಿ ಮಾಮೂಲಿ.

ಜರ್ಮನಿಯ ಅದೇ ಪಟ್ಟಿಯಲ್ಲಿ ಒಂದು ಎಲೆಕ್ಟ್ರಿಕ್ ಕಾರು ಮಾತ್ರ ಕೆಟ್ಟದಾಗಿ ಎದ್ದು ಕಾಣುತ್ತದೆ: 2022ರ ಹ್ಯುಂಡೈ ಅಯಾನಿಕ್ 5, ಸಾವಿರಕ್ಕೆ 22.4. ಕಾರಣ ಆ ಕಾರು ಇರುವವರಿಗೆಲ್ಲ ಬಾಯಿಪಾಠ, ಐಸಿಸಿಯು ಅನ್ನುವ ಚಾರ್ಜಿಂಗ್ ಪೆಟ್ಟಿಗೆ. ದೊಡ್ಡ ಬ್ಯಾಟರಿಯ ಕರೆಂಟನ್ನು ಇಳಿಸಿ ಚಿಕ್ಕ ಬ್ಯಾಟರಿಗೆ ತುಂಬುವ ಕೆಲಸ, ಗೋಡೆಯ ಕರೆಂಟನ್ನು ದೊಡ್ಡ ಬ್ಯಾಟರಿಗೆ ತಕ್ಕ ಹಾಗೆ ಬದಲಿಸುವ ಕೆಲಸ, ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಆ ಪೆಟ್ಟಿಗೆಯ ಒಳಗಿನ ಬಿಡಿಭಾಗಗಳು ವೋಲ್ಟೇಜ್ ಏಕ್‌ದಂ ಏರಿಳಿದಾಗ, ಕಾದು ಆರಿ ಕಾದು ಆರಿ, ಹಾಳಾಗುತ್ತಿದ್ದವು. ಚಿಕ್ಕ ಬ್ಯಾಟರಿಗೆ ಚಾರ್ಜ್ ಬರುವುದು ನಿಲ್ಲುತ್ತದೆ, ಇದ್ದಷ್ಟು ಹೊತ್ತು ಕಾರು ಓಡುತ್ತದೆ, ಆಮೇಲೆ ನಿಧಾನ, ಆಮೇಲೆ ನಿಂತೇ ಹೋಗುತ್ತದೆ. ಅಮೆರಿಕದಲ್ಲಿ 2024ರ ಮಾರ್ಚ್‌ನಲ್ಲಿ ಹ್ಯುಂಡೈ ಮತ್ತು ಅದರದ್ದೇ ದುಬಾರಿ ಬ್ರ್ಯಾಂಡ್ ಜೆನೆಸಿಸ್ ಸೇರಿ ಸುಮಾರು 99 ಸಾವಿರ ಕಾರು ವಾಪಸ್ ಕರೆಸಿದರು. ಅದೇ ನವೆಂಬರ್‌ನಲ್ಲಿ ಮತ್ತೆ 1.45 ಲಕ್ಷ ಕಾರು. ಮಾರ್ಚ್‌ನಲ್ಲಿ ಸರಿ ಮಾಡಿಸಿಕೊಂಡು ಹೋದವರೂ ಮತ್ತೆ ಬರಬೇಕಾಯಿತು. ಭಾರತದಲ್ಲಿ 2024ರಲ್ಲಿ ಇದೇ ಕಾರಣಕ್ಕೆ 1,744 ಅಯಾನಿಕ್ 5, ಹ್ಯುಂಡೈಯ ಸೋದರ ಕಂಪನಿ ಕಿಯಾದ 1,138 ಇವಿ6 ವಾಪಸ್ ಬಂದವು. 2025ರ ಫೆಬ್ರವರಿಯಲ್ಲಿ ಇನ್ನೊಂದು ಸುತ್ತು, 1,380 ಇವಿ6. ಅರ್ಧ ಕೋಟಿಯ ಆಸುಪಾಸಿನ, ಅದಕ್ಕೂ ಮೇಲಿನ ಬೆಲೆಯ ಕಾರುಗಳಿವು.

ಇನ್ನೊಂದು ದೂರು ನಮ್ಮ ರಸ್ತೆಗಳಿಗೆ ಹೇಳಿ ಮಾಡಿಸಿದ ಹಾಗಿದೆ. ಎಲೆಕ್ಟ್ರಿಕ್ ಕಾರಿನಲ್ಲಿ ದೊಡ್ಡ ವೋಲ್ಟೇಜಿನ ಕಿತ್ತಳೆ ಬಣ್ಣದ ಕೇಬಲ್‌ಗಳಿರುತ್ತವೆ, ಅವುಗಳ ಜೋಡಣೆಗಳ ಒಳಗೆ ಸಾಮಾನ್ಯವಾಗಿ ಒಂದು ತೆಳ್ಳನೆಯ ಕಾವಲು ತಂತಿ ಹಾದುಹೋಗುತ್ತದೆ. ಯಾವುದೋ ಮೆಕ್ಯಾನಿಕ್ ಗೊತ್ತಿಲ್ಲದೆ ಜೋಡಣೆ ಬಿಚ್ಚಿದರೆ, ಇಲ್ಲ ಅಪಘಾತದಲ್ಲಿ ಕಿತ್ತು ಬಂದರೆ, ಆ ತಂತಿ ತುಂಡಾಗಿ ಇಡೀ ದೊಡ್ಡ ವೋಲ್ಟೇಜ್ ಆಫ್ ಆಗುತ್ತದೆ. ಜೀವ ಉಳಿಸುವ ಏರ್ಪಾಡು, ಬೇಡ ಅನ್ನುವ ಹಾಗಿಲ್ಲ. ಆದರೆ ಅದೇ ಜೋಡಣೆ ಗುಂಡಿ, ಹಂಪು, ಕೆಸರು ನೀರಿನಲ್ಲಿ ವರ್ಷ ಕಳೆದು ಕೂದಲೆಳೆಯಷ್ಟು ಸಡಿಲವಾದರೂ ಕಾರಿಗೆ ಎರಡೂ ಒಂದೇ. ಅಪಾಯ ಅಂತ ತಿಳಿದು ತನ್ನನ್ನು ತಾನೇ ಆಫ್ ಮಾಡಿಕೊಳ್ಳಬಹುದು. ಮನೆ ಮುಂದೆ ಆದರೆ ಬೈದುಕೊಂಡು ಆಟೋ ಹತ್ತಬಹುದು. ನೂರರ ಸ್ಪೀಡಿನಲ್ಲಿ, ಬಲಗಡೆ ಲೇನಿನಲ್ಲಿ, ಹಿಂದೆ ಬಸ್ ಇದ್ದಾಗ ಆದರೆ? ಒಳಗಿನವರು ಶಾಕ್ ಹೊಡೆಯದ ಹಾಗೆ ಉಳಿದರು, ಹಿಂದಿನಿಂದ ಗುದ್ದಿಸಿಕೊಂಡರು ಅಂದರೆ ಅದು ಎಂಥ ರಕ್ಷಣೆ? ತಾನಾಗಿ ಆಫ್ ಆಗುವ ಮೊದಲು ಪಕ್ಕಕ್ಕೆ ಹೋಗಲು ಇಂತಿಷ್ಟು ಹೊತ್ತು ಕೊಡುವುದು, ಆ ಹೊತ್ತಿನಲ್ಲಿ ಸ್ಟೀರಿಂಗು ಮತ್ತು ಬ್ರೇಕಿನ ಬಲ ಉಳಿಸುವುದು, ಪಾರ್ಕಿಂಗ್ ಲೈಟು ತಾನೇ ಹಾಕುವುದು, ಇದೆಲ್ಲ ಕಾರು ಕಂಪನಿಯ ಎಂಜಿನಿಯರುಗಳು ಯೋಚಿಸಬೇಕಾದ ವಿಷಯ. ಕಾರು ನೋಡಲು ಹೋದಾಗ ಸನ್‌ರೂಫ್ ಬಗ್ಗೆ ಕೇಳುವಷ್ಟು ಆಸಕ್ತಿಯಿಂದ ಇದನ್ನೂ ಕೇಳಿ. ಸೇಲ್ಸ್ ಹುಡುಗನಿಗೆ ಗೊತ್ತಿರುವುದಿಲ್ಲ, ಕೇಳಿ ಸುಮ್ನೆ.

ಇನ್ನು ಬಾಗಿಲು. ಚಿಕ್ಕ ಬ್ಯಾಟರಿ ಸತ್ತರೆ ಬಾಗಿಲೂ ಸಾಯಬಹುದು ಅನ್ನುವುದು ನನಗೆ ನಿಜವಾಗಿ ಭಯ ಹುಟ್ಟಿಸಿದ ಸಂಗತಿ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ 2025ರ ಸೆಪ್ಟೆಂಬರ್‌ನಲ್ಲಿ 2021ರ ಟೆಸ್ಲಾ ಮಾಡೆಲ್ ವೈ ಕಾರುಗಳ ಬಗ್ಗೆ ತನಿಖೆ ಶುರು ಮಾಡಿತು, ಸುಮಾರು 1.74 ಲಕ್ಷ ಕಾರು. ದೂರು ಕೊಟ್ಟವರಲ್ಲಿ ಜಾಸ್ತಿ ಜನ ಅಪ್ಪ ಅಮ್ಮಂದಿರು. ಮಗುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬಾಗಿಲು ಹಾಕಿದ್ದಾರೆ, ಇಲ್ಲ ಇಳಿಸಲು ಹೊರಗೆ ಬಂದಿದ್ದಾರೆ, ಅಷ್ಟರಲ್ಲಿ ಹೊರಗಿನ ಹಿಡಿ ಕೆಲಸ ಮಾಡುತ್ತಿಲ್ಲ. ನಾಲ್ಕು ಪ್ರಕರಣಗಳಲ್ಲಿ ಗಾಜು ಒಡೆದು ಮಗುವನ್ನು ತೆಗೆಯಬೇಕಾಯಿತು. ಸಂಸ್ಥೆ ಬೊಟ್ಟು ಮಾಡಿದ್ದು ಇಲ್ಲೂ ಕಡಿಮೆ ವೋಲ್ಟೇಜಿನ ಕಡೆಗೇ. ಒಳಗಿನಿಂದ ತೆಗೆಯಲು ಮೆಕ್ಯಾನಿಕಲ್ ಹಿಡಿ ಇದೆ, ಸರಿ. ಎರಡು ವರ್ಷದ ಮಗು ಅದನ್ನು ಎಳೆಯುತ್ತದೆಯೇ? ಅದರ ಮುಂದಿನ ತಿಂಗಳು ಚೀನಾದ ಚೆಂಗ್ಡುವಿನಲ್ಲಿ ಶವೋಮಿ ಕಾರೊಂದು ಅಪಘಾತವಾಗಿ ಹೊತ್ತಿಕೊಂಡಾಗ ದಾರಿಯಲ್ಲಿದ್ದವರು ಬಾಗಿಲು ತೆಗೆಯಲು ಗುದ್ದಿ ಗುದ್ದಿ ಸೋತ ವಿಡಿಯೋವನ್ನು ಲೋಕವೇ ನೋಡಿತು. ಪ್ರತಿ ಬಾಗಿಲಿಗೂ ಒಳಗೂ ಹೊರಗೂ ಕರೆಂಟ್ ಬೇಡದ ಹಿಡಿ ಇರಲೇಬೇಕು ಅಂತ ಚೀನಾ ನಿಯಮವನ್ನೇ ಮಾಡಿದೆ, 2027ರ ಜನವರಿ 1ರಿಂದ ಜಾರಿ. ಮೈಗೆ ಅಂಟಿಕೊಂಡ ಹಾಗಿರುವ ಹಿಡಿಗಳ ಫ್ಯಾಷನ್ ನಮ್ಮ ಕಾರುಗಳಿಗೂ ಬಂದಿದೆ. ನಿಮ್ಮದು ಅಂಥದ್ದಾದರೆ ಇವತ್ತೇ ಮ್ಯಾನುಯಲ್ ತೆಗೆದು ನೋಡಿ, ಚಿಕ್ಕ ಬ್ಯಾಟರಿ ಸತ್ತಾಗ ಹಿಂದಿನ ಬಾಗಿಲು ಹೇಗೆ ತೆರೆಯುತ್ತದೆ ಅಂತ. ಮನೆಯವರಿಗೂ ತೋರಿಸಿ.

ಬೆಂಕಿಯ ಮಾತು ಬಿಟ್ಟೇ ಬಿಟ್ಟರೆ ಮೋಸವಾಗುತ್ತದೆ. ಅದು ಸುಳ್ಳು ಭಯ ಅಲ್ಲ. ಎಲ್‌ಜಿ ಸೆಲ್‌ಗಳಿದ್ದ ಹ್ಯುಂಡೈ ಕೋನಾ ಮತ್ತು ಶೆವರ್ಲೆ ಬೋಲ್ಟ್ ಎರಡಕ್ಕೂ ಬೆಂಕಿ ಹತ್ತಿ, 2021ರಲ್ಲಿ ಲೋಕದ ತುಂಬ 80 ಸಾವಿರ ದಾಟಿದ ಹ್ಯುಂಡೈ ವಾಹನಗಳನ್ನೂ 1.4 ಲಕ್ಷ ಬೋಲ್ಟ್‌ಗಳನ್ನೂ ವಾಪಸ್ ಕರೆಸಿದರು. ಭಾರತದಲ್ಲೂ 456 ಕೋನಾ ಅದಕ್ಕೆ ಮೊದಲೇ ತಪಾಸಣೆಗೆ ಹೋಗಿದ್ದವು. ಬೋಲ್ಟ್ ಮಾಲೀಕರಿಗೆ ಅದನ್ನು ತಯಾರಿಸಿದ ಜಿಎಂ ಕಂಪನಿ ಕೊಟ್ಟ ಸಲಹೆ ನೆನಪಿಡುವಂಥದ್ದು: ಕಾರನ್ನು ಬೇರೆ ವಾಹನಗಳಿಂದ 50 ಅಡಿ ದೂರ, ಬಯಲಲ್ಲಿ ನಿಲ್ಲಿಸಿ, ರಾತ್ರಿ ಚಾರ್ಜ್‌ಗೆ ಹಾಕಿ ಮಲಗಬೇಡಿ. ನಮ್ಮಲ್ಲಿ, ಮುಂಬೈ ಹತ್ತಿರದ ವಸಾಯಿಯಲ್ಲಿ 2022ರ ಜೂನ್‌ನಲ್ಲಿ ಒಂದು ಟಾಟಾ ನೆಕ್ಸಾನ್ ಇವಿ ಹೊತ್ತಿಕೊಂಡಾಗ ಕೇಂದ್ರ ಸರ್ಕಾರ ತನಿಖೆಗೆ ಹೇಳಿತು. ಆಮೇಲೆ ಎಲೆಕ್ಟ್ರಿಕ್ ವಾಹನಗಳ ಬ್ಯಾಟರಿ ಸುರಕ್ಷತೆಯ ಎಐಎಸ್ 038 ನಿಯಮ ಬಿಗಿಯಾಯಿತು. ಒಂದು ಸೆಲ್ ಹೊತ್ತಿಕೊಂಡು ಪಕ್ಕದ್ದಕ್ಕೆ ಹಬ್ಬುವ ಹಾಗಿದ್ದರೆ ಒಳಗಿನವರು ಇಳಿಯಲು ಕನಿಷ್ಠ 5 ನಿಮಿಷ ಮೊದಲೇ ಎಚ್ಚರಿಕೆ ಬರಬೇಕು.

ಆದರೆ ಎಷ್ಟು ಅಪರೂಪ ಅನ್ನುವುದನ್ನೂ ಹೇಳಬೇಕಲ್ಲ. ಸ್ವೀಡನ್ ಸರ್ಕಾರದ 2022ರ ಲೆಕ್ಕದಲ್ಲಿ, 6 ಲಕ್ಷಕ್ಕೂ ಹೆಚ್ಚು ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳಲ್ಲಿ ಹೊತ್ತಿಕೊಂಡಿದ್ದು 23. ಪೆಟ್ರೋಲ್, ಡೀಸೆಲ್ ಕಾರುಗಳದ್ದು 44 ಲಕ್ಷಕ್ಕೆ ಸುಮಾರು 3,400. ಅವು ಹಳೆಯ ಕಾರುಗಳೂ ಹೌದು, ಅದನ್ನು ಮರೆಯಬಾರದು. ಆದರೂ ಅಂತರ ಚಿಕ್ಕದಲ್ಲ. ನಮ್ಮಲ್ಲಿ ಹೆಚ್ಚು ಮಾರಾಟವಾಗುವ ಕಾರುಗಳಲ್ಲಿ ಇರುವುದು ಬಹುತೇಕ ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಅದು ಕೋನಾದಲ್ಲಿದ್ದ ನಿಕಲ್ ಸೆಲ್‌ಗಿಂತ ಜಾಸ್ತಿ ಶಾಖ ತಡೆಯುತ್ತದೆ. ಬೆಂಕಿ ಹತ್ತುವುದೇ ಇಲ್ಲ ಅಂತ ಅಲ್ಲ, ಹತ್ತುವುದು ಕಷ್ಟ ಅಷ್ಟೇ.

ದಕ್ಷಿಣ ಕೊರಿಯಾದ ಇಂಚನ್‌ನಲ್ಲಿ 2024ರ ಆಗಸ್ಟ್ 1ರಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್‌ನಲ್ಲಿ ನಿಂತಿದ್ದ ಮರ್ಸಿಡಿಸ್ ಇಕ್ಯೂಇ ಹೊತ್ತಿಕೊಂಡು ನೂರಾರು ಕಾರಿಗೆ ಹಾನಿಯಾಯಿತಲ್ಲ, ಆ ವಿಡಿಯೋ ಬೆಂಗಳೂರಿನ ಅಪಾರ್ಟ್‌ಮೆಂಟ್ ಗುಂಪುಗಳಲ್ಲಿ ಸುತ್ತಿದ್ದೇ ತಡ, "ಬೇಸ್‌ಮೆಂಟ್‌ನಲ್ಲಿ ಚಾರ್ಜಿಂಗ್ ಬೇಡ" ಅನ್ನುವ ಜಗಳ ಜೋರಾಯಿತು. ಆ ಕಾರು ಆಗ ಚಾರ್ಜ್ ಆಗುತ್ತಲೇ ಇರಲಿಲ್ಲ. ಎರಡು ದಿನಕ್ಕೂ ಜಾಸ್ತಿ ಸುಮ್ಮನೆ ನಿಂತಿತ್ತು. ಬೆಂಕಿ ಅಷ್ಟು ಹಬ್ಬಲು ದೊಡ್ಡ ಕಾರಣ, ಕಾವಲಿನವರು ಸ್ಪ್ರಿಂಕ್ಲರ್ ನೀರನ್ನು ಆಫ್ ಮಾಡಿದ್ದು. ನಿಮ್ಮ ಅಸೋಸಿಯೇಷನ್ ಮೀಟಿಂಗಿನಲ್ಲಿ ಚಾರ್ಜರ್ ಬೇಡ ಅನ್ನುವವರು ಬೇಸ್‌ಮೆಂಟಿನ ಸ್ಪ್ರಿಂಕ್ಲರಿನಲ್ಲಿ ನೀರು ಬರುತ್ತದೆಯೇ ಅಂತ ಎಂದಾದರೂ ನೋಡಿದ್ದಾರಾ?

ಮನೆಯ ಚಾರ್ಜಿಂಗಿನಲ್ಲಿ ನನಗೆ ಭಯ ಇರುವುದು ಕಾರಿನ ಬಗ್ಗೆ ಅಲ್ಲ, ಗೋಡೆಯ ಬಗ್ಗೆ. ಕಾರಿನ ಜೊತೆ ಕೊಡುವ ಕೇಬಲನ್ನು 15 ಆ್ಯಂಪ್ ಸಾಕೆಟ್ಟಿಗೆ ಹಾಕಿದರೆ ಎಂಟು ಹತ್ತು ಗಂಟೆ ಒಂದೇ ಸಮನೆ ಮೂರು ಕಿಲೋವ್ಯಾಟ್ ಎಳೆಯುತ್ತದೆ. ಗೀಸರ್ ಕಾಲು ಗಂಟೆ ಓಡಿ ನಿಲ್ಲುತ್ತದೆ, ಇದು ನಿಲ್ಲುವುದಿಲ್ಲ. ಸಡಿಲ ಸಾಕೆಟ್ ಕಾದು ಕರಗುತ್ತದೆ. ಊರಿನ ಮನೆಗಳಲ್ಲಿ ಇನ್ನೊಂದು ತಾಪತ್ರಯ: ಅರ್ಥಿಂಗ್ ಸರಿ ಇಲ್ಲದಿದ್ದರೆ ಚಾರ್ಜರ್ ಒಪ್ಪುವುದೇ ಇಲ್ಲ. ಆಗ ಊರಿನ ಎಲೆಕ್ಟ್ರಿಷಿಯನ್ "ಏನೂ ಆಗಲ್ಲ ಬಿಡಿ ಅಣ್ಣ" ಅಂತ ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದು ವೈರ್ ಎಳೆದು ಕೊಡುತ್ತಾನೆ. ಚಾರ್ಜ್ ಆಗುತ್ತದೆ. ನ್ಯೂಟ್ರಲ್ ಎಲ್ಲಾದರೂ ಕಟ್ ಆದ ದಿನ ಕಾರಿನ ಇಡೀ ಮೈಯಲ್ಲಿ 230 ವೋಲ್ಟ್. ದಯವಿಟ್ಟು ಬೇಡ. ಅರ್ಥಿಂಗ್ ಗುಂಡಿ ತೋಡಿಸಲು ಆಗುವ ಖರ್ಚು ಆ ಕಾರಿನ ಒಂದು ಟೈರಿನ ಬೆಲೆ ಮುಟ್ಟಲಿಕ್ಕಿಲ್ಲ.

ರೇಂಜ್, ಅಂದರೆ ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ದೂರ ಓಡುತ್ತದೆ ಅನ್ನುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರಿಗೂ ಗೊತ್ತು. 312 ಕಿಲೋಮೀಟರ್ ಅಂತ ಹೇಳಿದ ಕಾರು 200 ದಾಟಲ್ಲ ಅಂತ ಒಬ್ಬರು ದೂರು ಕೊಟ್ಟು 2021ರಲ್ಲಿ ದೆಹಲಿ ಸರ್ಕಾರ ನೆಕ್ಸಾನ್ ಇವಿಯ ಸಬ್ಸಿಡಿಯನ್ನೇ ತಡೆದಿತ್ತು, ಕಂಪನಿ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತಂತು. ಕಂಪನಿ ಹೇಳಿದ್ದರ ಮೂರನೇ ಎರಡು ಭಾಗ ಅಂತ ಲೆಕ್ಕ ಹಾಕಿ ತಗೊಂಡರೆ ಬೇಜಾರಾಗುವುದಿಲ್ಲ.

ಹಾಗಾದರೆ ರಿಪೇರಿ? ದೇಶದ ಮೊದಲ ಎಲೆಕ್ಟ್ರಿಕ್ ಕಾರುಗಳಲ್ಲಿ ಒಂದಾದ ರೇವಾ ಬೆಂಗಳೂರಿನದ್ದೇ, 2001ರಲ್ಲಿ ಬಂತು. ಅದರಲ್ಲಿದ್ದದ್ದು 6 ವೋಲ್ಟಿನ ಎಂಟು ಲೆಡ್ ಆ್ಯಸಿಡ್ ಬ್ಯಾಟರಿ. ಯುಪಿಎಸ್ ಬ್ಯಾಟರಿ ನೋಡಿಕೊಳ್ಳುವ ಹುಡುಗನಿಗೂ ಅರ್ಥವಾಗುವ ಸಾಮಾನು. ಈಗಿನ ಕಾರುಗಳಲ್ಲಿ ಏನಾಯಿತು ಅನ್ನುವುದು ಕಂಪನಿಯ ಲ್ಯಾಪ್‌ಟಾಪಿಗೆ ಮಾತ್ರ ಗೊತ್ತು. ಗ್ಯಾರೇಜಿನವರು ಮುಟ್ಟುವುದಿಲ್ಲ, ಮುಟ್ಟಿದರೆ ವಾರಂಟಿ ಹೋಗುತ್ತದೆ ಅನ್ನುವ ಭಯ ನಮಗೆ. ಸರ್ವೀಸ್ ಸೆಂಟರಿನಲ್ಲಿ ದೊಡ್ಡ ವೋಲ್ಟೇಜ್ ಮುಟ್ಟಲು ಟ್ರೈನಿಂಗ್ ಆದವರು ಒಬ್ಬರೋ ಇಬ್ಬರೋ. ಅವರು ರಜೆ ಹಾಕಿದರೆ ಕಾರು ಶೆಡ್ಡಿನಲ್ಲಿ. ಕಾದು ಕಾದು ಜನ ಏನಾಗುತ್ತಾರೆ ಅಂತ ಕಲಬುರಗಿ ನೋಡಿದೆ. 2024ರ ಸೆಪ್ಟೆಂಬರ್‌ನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ರಿಪೇರಿಯಾಗದ ಸಿಟ್ಟಿಗೆ ಗ್ರಾಹಕನೊಬ್ಬ ಓಲಾ ಶೋರೂಮಿಗೇ ಬೆಂಕಿ ಇಟ್ಟ. ತಪ್ಪೇ ಅದು. ಅದರ ಮುಂದಿನ ತಿಂಗಳು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅದೇ ಕಂಪನಿಗೆ ನೋಟಿಸ್ ಕೊಟ್ಟಾಗ ಸಹಾಯವಾಣಿಯಲ್ಲಿ ಅದರ ಮೇಲಿದ್ದ ದೂರುಗಳು 10,644.

ಕಾನೂನು ಇಲ್ಲ ಅಂತಲ್ಲ. 2021ರ ಏಪ್ರಿಲ್ 1ರಿಂದ ಕೇಂದ್ರ ಸರ್ಕಾರವೇ ದೋಷವಿರುವ ವಾಹನವನ್ನು ವಾಪಸ್ ಕರೆಸುವಂತೆ ಆದೇಶಿಸಬಹುದು, ದಂಡ 10 ಲಕ್ಷದಿಂದ 1 ಕೋಟಿ. ಏಳು ವರ್ಷ ದಾಟದ ಗಾಡಿಯ ಸುರಕ್ಷತೆಯ ದೋಷವನ್ನು ವಾಹನ್ ಪೋರ್ಟಲ್‌ನಲ್ಲಿ ನಾವೇ ದಾಖಲಿಸಬಹುದು. ಇಷ್ಟು ದೂರು ಬಂದರೆ ಮುಂದಿನ ಕ್ರಮ ಅಂತ ಮಾರಾಟಕ್ಕೆ ತಕ್ಕ ಹಾಗೆ ಮಿತಿ ಇದೆ. ತೊಡಕು ಏನೆಂದರೆ, ನಾವು ಸರ್ವೀಸ್ ಸೆಂಟರಿನಲ್ಲಿ ಜಗಳ ಆಡುತ್ತೇವೆ, ವಾಟ್ಸಾಪ್ ಗುಂಪಿನಲ್ಲಿ ಬೈಯುತ್ತೇವೆ, ಆ ಪೋರ್ಟಲ್ಲಿನಲ್ಲಿ ಮಾತ್ರ ಬರೆಯುವುದಿಲ್ಲ. ಅಮೆರಿಕದಲ್ಲಿ ಯಾರ ಕಾರು ಎಲ್ಲಿ ಹೇಗೆ ನಿಂತಿತು ಅನ್ನುವ ದೂರನ್ನು ಯಾರು ಬೇಕಾದರೂ ಕೂತು ಓದಬಹುದು, ಐಸಿಸಿಯು ಗಲಾಟೆ ದೊಡ್ಡದಾಗಿದ್ದಕ್ಕೆ ಅದೂ ಒಂದು ಕಾರಣ. ನಮ್ಮಲ್ಲಿ ಪ್ರತಿಯೊಬ್ಬರಿಗೂ ಹೇಳುವ ಮಾತು ಒಂದೇ, "ನಿಮ್ಮದು ಮೊದಲನೇ ಕೇಸ್ ಸರ್."

ಜಗಳ ಗ್ರಾಹಕ ಆಯೋಗದ ತನಕ ಹೋದರೆ, 50 ಲಕ್ಷದ ಒಳಗಿನ ಕಾರಿಗೆ ಜಿಲ್ಲಾ ಆಯೋಗವೇ ಸಾಕು. ಅಲ್ಲಿ ಸಾಕ್ಷಿಯಾಗಿ ನಿಲ್ಲುವುದು ಜಾಬ್ ಕಾರ್ಡ್, ಅಂದರೆ ಕಾರನ್ನು ರಿಪೇರಿಗೆ ಬಿಡುವಾಗ ಸರ್ವೀಸ್ ಸೆಂಟರಿನವರು ಬರೆಯುವ ಕಾಗದ. ಭಾವನ ಜಾಬ್ ಕಾರ್ಡ್ ತೆಗೆದು ನೋಡಿದೆ. "ಗ್ರಾಹಕರ ದೂರು" ಅನ್ನುವ ಜಾಗದಲ್ಲಿ ಬರೆದಿದ್ದು "ಸಾಮಾನ್ಯ ತಪಾಸಣೆ" ಅಂತ. ಹೈವೇಯಲ್ಲಿ ನಿಂತಿತು, ಟೋ ಮಾಡಿ ತಂದರು, ಒಂಬತ್ತು ದಿನ ಇತ್ತು, ಒಂದಕ್ಷರ ಇಲ್ಲ. ಕಾಗದದ ಪ್ರಕಾರ ಆ ಕಾರಿಗೆ ಏನೂ ಆಗಿಯೇ ಇಲ್ಲ. ಎರಡನೇ ಸಲ ಒಂದು ಸಣ್ಣ ದೂರಿಗೆ ಹೋದಾಗ ನಾನೂ ಜೊತೆಗಿದ್ದೆ. "ಚಲಿಸುವಾಗ ಎಚ್ಚರಿಕೆ ದೀಪ ಬಂತು, ಇಂಥ ದಿನ, ಇಷ್ಟು ಗಂಟೆಗೆ, ಇಷ್ಟು ಕಿಲೋಮೀಟರ್ ಓಡಿದಾಗ" ಅಂತ ನಮ್ಮ ಮಾತಿನಲ್ಲೇ ಬರೆಸಿ, ಪರದೆಯ ಫೋಟೋ ಸರ್ವೀಸ್ ಸೆಂಟರಿನ ಈಮೇಲಿಗೆ ಕಳಿಸಿ, ಆಮೇಲೆ ಕೀ ಕೊಟ್ಟೆವು. ಅಡ್ವೈಸರ್ ಮುಖ ಸಪ್ಪಗಾಯಿತು. ಈ ಸಲ ಕಾರು ಎರಡೇ ದಿನದಲ್ಲಿ ಬಂತು.

ಭಾವ ಕಾರು ಮಾರಿಲ್ಲ. ಓಡಿಸಲು ಅವರಿಗೆ ಬಹಳ ಇಷ್ಟ, ತಿಂಗಳಿಗೆ ಪೆಟ್ರೋಲಿನದ್ದೇ ಎಂಟು ಸಾವಿರ ಉಳಿಯುತ್ತದೆ ಅನ್ನುತ್ತಾರೆ. ಯಡಿಯೂರಿನ ಘಟನೆ ಆದ ಮೇಲೆ, ಮ್ಯಾನುಯಲ್‌ನಲ್ಲಿ ಮಾಡಬಹುದು ಅಂತ ಇರುವುದನ್ನು ನೋಡಿಕೊಂಡು, ಚಿಕ್ಕ ಬ್ಯಾಟರಿಗೆ ಹಾಕುವ ಒಂದು ಜಂಪ್ ಸ್ಟಾರ್ಟರ್ ತಂದು ಡಿಕ್ಕಿಯಲ್ಲಿ ಇಟ್ಟಿದ್ದರು. ಡಿಕ್ಕಿ ತೆರೆಯುವುದು ಕರೆಂಟಿನಿಂದ ಅಂತ ಹೊಳೆದದ್ದು ಒಂದು ವಾರದ ಮೇಲೆ. ಈಗ ಅದು ಡ್ರೈವರ್ ಸೀಟಿನ ಕೆಳಗಿದೆ.